ಪಣಂಬೂರಿಗೆ ಬಂದ ಯುದ್ಧನೌಕೆಯ ಬಿಲ್ಲು ಯಾರ ಹೆಸರಿಗೆ?

2025ರ ಜೂನ್ 9ರ ರಾತ್ರಿ ನಮ್ಮ ಪಣಂಬೂರು ಬಂದರಿಗೆ ಐ.ಎನ್.ಎಸ್. ಸೂರತ್ ಎಂಬ ಯುದ್ಧನೌಕೆ ಬಂತು. ಯುದ್ಧಕ್ಕಾಗಿ ಬಂದದ್ದಲ್ಲ. ಕೇರಳದ ಕಡಲಾಚೆ ಬೆಂಕಿ ಹತ್ತಿ ಉರಿಯುತ್ತಿದ್ದ 'ವಾನ್ ಹೈ 503' ಎಂಬ ಕಂಟೇನರ್ ಹಡಗಿನ 18 ಮಂದಿ ನಾವಿಕರನ್ನು ಹೊತ್ತು ತಂದಿತ್ತು. ಆ ಹಡಗಿನಲ್ಲಿದ್ದವರು ಒಟ್ಟು 22. ನಾಲ್ವರು ಕಣ್ಮರೆಯಾಗಿದ್ದರು. ಸುಟ್ಟ ಗಾಯದವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು.

ಮರುದಿನ ಕಾಟಿಪಳ್ಳದಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಅದೇ ಮಾತು. "ಎಂಥಾ ಹಡಗು ಮಾರಾಯ್ರೆ!" ಎಂದು ಒಬ್ಬರು. "ಎಷ್ಟು ಕೋಟಿಯದ್ದೋ ಏನೋ" ಎಂದು ಇನ್ನೊಬ್ಬರು. ಮಾತು ಅಲ್ಲಿಗೇ ನಿಂತಿತು. ಕೂಳೂರು ಸೇತುವೆ ಬಂತು, ಟ್ರಾಫಿಕ್ ಜಾಮು ಬಂತು, ಹಡಗು ಮರೆತುಹೋಯಿತು.

ಆ ಎರಡನೆಯ ಮಾತನ್ನು ಹಿಡಿದು ಸ್ವಲ್ಪ ಮುಂದೆ ಹೋಗುವಾ. ಯಾಕೆಂದರೆ ಕೋಟಿ ಯಾರದ್ದು ಎಂದು ಕೇಳಿದರೆ ಕೈಕಂಬದ ಜೀನಸಿನಂಗಡಿಯವನದ್ದೂ ಉಂಟು, ಕೃಷ್ಣಾಪುರದ ಟೈಲರನದ್ದೂ ಉಂಟು, ಬಸ್ಸಿನಲ್ಲಿ ಕಂಬ ಹಿಡಿದು ನೇತಾಡುವವನದ್ದೂ ಉಂಟು.

ನೂರು ರೂಪಾಯಿಯ ಲೆಕ್ಕ

2025-26ರ ಕೇಂದ್ರ ಬಜೆಟಿನಲ್ಲಿ ರಕ್ಷಣಾ ಇಲಾಖೆಗೆ ಇಟ್ಟ ಮೊತ್ತ 6.81 ಲಕ್ಷ ಕೋಟಿ ರೂಪಾಯಿ. ಸರಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಹದಿಮೂರೂವರೆ ರೂಪಾಯಿಯಷ್ಟು. ಇದೆಲ್ಲ ಫಿರಂಗಿ, ವಿಮಾನಕ್ಕೆ ಹೋಗುತ್ತದೆ ಎಂದು ತಿಳಿದರೆ ತಪ್ಪು. ಅದರಲ್ಲಿ 1.60 ಲಕ್ಷ ಕೋಟಿ ನಿವೃತ್ತರ ಪಿಂಚಣಿಗೆ. ಬಹುಪಾಲು ಸಂಬಳ, ಊಟ, ಬಟ್ಟೆ, ಡೀಸೆಲ್, ರಿಪೇರಿ ಇಂಥದಕ್ಕೆ. ಹೊಸ ಸಾಮಾನು ಕೊಳ್ಳುವುದೂ ಸೇರಿದ ಬಂಡವಾಳ ಖಾತೆಗೆ ಉಳಿದದ್ದು 1.80 ಲಕ್ಷ ಕೋಟಿ. ಅಂದರೆ ನೂರಕ್ಕೆ ಇಪ್ಪತ್ತಾರು.

ಈ ಇಪ್ಪತ್ತಾರೂ ಕೈಯಲ್ಲಿ ಇರುವ ಹಣವಲ್ಲ. ಅದರಲ್ಲಿ ದೊಡ್ಡ ಪಾಲು ಹಿಂದಿನ ವರ್ಷಗಳಲ್ಲಿ ಸಹಿ ಹಾಕಿದ ಒಪ್ಪಂದಗಳ ಕಂತು. ಫ್ರಿಜ್ ಕಂತಿನಲ್ಲಿ ತಂದವನಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಸಂಬಳ ಬಂದ ದಿನವೇ ಕಂತು ಕಳೆದು, ಉಳಿದದ್ದರಲ್ಲಿ ಹೊಸ ಆಸೆ. ಸೈನ್ಯದ ಕಥೆಯೂ ಅದೇ.

ಖರೀದಿ ನಡೆಯುವ ದಾರಿ

ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಅರ್ಥವಾಗುವಂತೆ ಹೇಳುವುದಾದರೆ, ಸೈನ್ಯದ ಖರೀದಿ ಅಂಗಡಿಯ ಖರೀದಿಯ ಅಣ್ಣ. ಮೊದಲು ಸೈನ್ಯದವರು ಪಟ್ಟಿ ಮಾಡುತ್ತಾರೆ: ನಮಗೆ ಇಂಥ ಸಾಮಾನು ಬೇಕು, ಅದರ ಗುಣ ಹೀಗಿರಬೇಕು. ಆ ಪಟ್ಟಿ ರಕ್ಷಣಾ ಮಂತ್ರಿಗಳು ಅಧ್ಯಕ್ಷರಾಗಿರುವ ರಕ್ಷಣಾ ಖರೀದಿ ಮಂಡಳಿಗೆ ಹೋಗುತ್ತದೆ. ಕಾರ್ಗಿಲ್ ಯುದ್ಧದ ಪಾಠದ ನಂತರ 2001ರಲ್ಲಿ ಮಾಡಿದ ಮಂಡಳಿ ಇದು. ಅಲ್ಲಿ 'ಅಗತ್ಯ ಉಂಟು' ಎಂಬ ಒಪ್ಪಿಗೆ ಸಿಗಬೇಕು.

ಪೇಪರಿನಲ್ಲಿ "ಇಷ್ಟು ಸಾವಿರ ಕೋಟಿಯ ಶಸ್ತ್ರಾಸ್ತ್ರಕ್ಕೆ ಒಪ್ಪಿಗೆ" ಎಂದು ದಪ್ಪಕ್ಷರದಲ್ಲಿ ಬರುತ್ತದಲ್ಲ, ಅದು ಹೆಚ್ಚಾಗಿ ಇಷ್ಟೇ. ಇನ್ನೂ ಕ್ರಯವಾಗಿಲ್ಲ. ಹೆಣ್ಣು ನೋಡಲು ಹೋಗುವಾ ಎಂದು ಮನೆಯಲ್ಲಿ ಒಪ್ಪಿದ ಹಾಗೆ. ಮದುವೆ ದೂರ ಉಂಟು.

ಆಮೇಲೆ ಕಂಪೆನಿಗಳಿಂದ ಕೊಟೇಶನ್ನು. ತಾಂತ್ರಿಕ ಪರೀಕ್ಷೆ. ಮರುಭೂಮಿಯ ಬಿಸಿಲಲ್ಲಿ, ಹಿಮಾಲಯದ ಚಳಿಯಲ್ಲಿ ಓಡಿಸಿ ನೋಡುವುದು. ಪಾಸಾದವರಲ್ಲಿ ಕಡಿಮೆ ದರದವರೊಂದಿಗೆ ಚೌಕಾಶಿ. ಹಣಕಾಸು ಇಲಾಖೆಯ ತಕರಾರು, ಅದಕ್ಕೆ ಉತ್ತರ. ದೊಡ್ಡ ಮೊತ್ತದ್ದಾದರೆ ಪ್ರಧಾನಿಗಳ ನೇತೃತ್ವದ ಭದ್ರತಾ ಸಂಪುಟ ಸಮಿತಿ. ಆಮೇಲೆ ಸಹಿ, ಮುಂಗಡ, ಬ್ಯಾಂಕ್ ಗ್ಯಾರಂಟಿ. ಹಡಗಾದರೆ ಕೆಲಸ ಆದ ಹಾಗೆ ಹಂತ ಹಂತವಾಗಿ ಹಣ. ಈ ಎಲ್ಲ ನಿಯಮಗಳ ಪುಸ್ತಕ 2002ರಲ್ಲಿ ಮೊದಲು ಬಂದು ಹಲವು ಸಲ ತಿದ್ದುಪಡಿಯಾಯಿತು. 2020ರ ಅಕ್ಟೋಬರ್ 1ರಿಂದ ಹೊಸ ಪುಸ್ತಕ ಜಾರಿಗೆ ಬಂತು.

ನಿಯಮ ಬೇಕು. ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೊಫೋರ್ಸ್ ಎಂಬ ಒಂದು ಹೆಸರು ಸಾಕು. 1986ರ ಮಾರ್ಚಿನಲ್ಲಿ ಸ್ವೀಡನ್ನಿನ ಆ ಕಂಪೆನಿಯಿಂದ 410 ಫಿರಂಗಿ ಕೊಳ್ಳಲು ಒಪ್ಪಂದ. 1987ರ ಏಪ್ರಿಲಿನಲ್ಲಿ ಸ್ವೀಡನ್ನಿನ ರೇಡಿಯೋ ಲಂಚದ ಸುದ್ದಿ ಹೇಳಿತು. ಸರಕಾರ ಅಲುಗಾಡಿತು, ಕೋರ್ಟು ಕಚೇರಿ ವರ್ಷಾನುಗಟ್ಟಲೆ ನಡೆಯಿತು. ವಿಚಿತ್ರ ಏನೆಂದರೆ, ಫಿರಂಗಿ ಮಾತ್ರ ಒಳ್ಳೆಯದೇ ಇತ್ತು. 1999ರಲ್ಲಿ ಕಾರ್ಗಿಲ್ ಬೆಟ್ಟದಲ್ಲಿ ಕೆಲಸಕ್ಕೆ ಬಂದದ್ದು ಅದೇ. ಆದರೆ ಆ ಹಗರಣದ ಹೆದರಿಕೆಗೆ ಮುಂದಿನ ದೊಡ್ಡ ಫಿರಂಗಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2016ರ ನವೆಂಬರಿನಲ್ಲಿ, ಅಮೆರಿಕದ 145 ಎಂ-777ಗಳಿಗೆ. ನಡುವೆ ಮೂವತ್ತು ವರ್ಷ! ಲಂಚ ತಿಂದವರು ತಿಂದರೋ ಇಲ್ಲವೋ, ಮೂವತ್ತು ವರ್ಷ ಹಳೆ ಸಾಮಾನಿನಲ್ಲಿ ನಿಭಾಯಿಸಿದ್ದು ಗಡಿಯಲ್ಲಿ ನಿಂತ ಜವಾನ.

ತಡವೇ ದೊಡ್ಡ ಕಳ್ಳ

ಈಗ ನಮ್ಮ ವಾದಕ್ಕೆ ಬರುವಾ. ಸೈನ್ಯದ ಖರೀದಿಯಲ್ಲಿ ಎಲ್ಲರೂ ಹುಡುಕುವುದು ಲಂಚದ ಕಳ್ಳನನ್ನು. ಅವನನ್ನು ಹಿಡಿಯಬೇಕು, ಸರಿ. ಆದರೆ ಹಾಡುಹಗಲು ಎಲ್ಲರ ಎದುರಿಗೇ ಜೇಬು ಕತ್ತರಿಸುವ ಇನ್ನೊಬ್ಬ ಕಳ್ಳ ಉಂಟು. ಅವನ ಹೆಸರು ತಡ.

ಉದಾಹರಣೆ ನೋಡಿ. ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಐ.ಎನ್.ಎಸ್. ಕೋಲ್ಕತ ಜಾತಿಯ ಮೂರು ಯುದ್ಧನೌಕೆಗಳಿಗೆ ಮೊದಲು ಮಂಜೂರಾದದ್ದು 3,580 ಕೋಟಿ. ಅದು ಹಿಗ್ಗಿ 11,662 ಕೋಟಿ ಆಯಿತು ಎಂದು ಸಿ.ಎ.ಜಿ. ಅಂದರೆ ಮಹಾಲೇಖಪಾಲರ ವರದಿಯೇ ಹೇಳಿತು. ಮೂರು ಪಟ್ಟಿಗಿಂತ ಹೆಚ್ಚು! ಕಾರಣ? ಹಡಗಿನ ನಕಾಶೆ ಪಕ್ಕಾ ಆಗುವ ಮೊದಲೇ ಕೆಲಸ ಶುರು. ನಡುವೆ ಇದು ಬೇಡ, ಅದು ಬೇಕು ಎಂಬ ಬದಲಾವಣೆ. ಹೊರದೇಶದಿಂದ ಬರಬೇಕಾದ ಉಕ್ಕು ತಡ. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು: ಪಾಯ ಹಾಕಿದ ಮೇಲೆ ಅಡುಗೆಕೋಣೆ ಇತ್ಲಾಗಿ ಬರಲಿ ಎಂದರೆ ಮೇಸ್ತ್ರಿ ಸುಮ್ಮನಿರುತ್ತಾನೋ?

ಪಣಂಬೂರಿಗೆ ಬಂದ ಸೂರತ್ ಅದರ ಮುಂದಿನ ಜಾತಿಯದ್ದು. ಅಂಥ ನಾಲ್ಕು ಹಡಗುಗಳಿಗೆ ಒಪ್ಪಂದವಾದದ್ದು 2011ರ ಜನವರಿಯಲ್ಲಿ. ನಾಲ್ಕನೆಯದಾದ ಸೂರತ್ ಸೇವೆಗೆ ಸೇರಿದ್ದು 2025ರ ಜನವರಿ 15ರಂದು. ಹದಿನಾಲ್ಕು ವರ್ಷ. ಒಪ್ಪಂದವಾದಾಗ ಒಂದನೆಯ ಕ್ಲಾಸಿಗೆ ಸೇರಿದ ಹುಡುಗ ಹಡಗು ಬರುವಾಗ ಕಾಲೇಜು ಮುಗಿಸುವ ಹೊತ್ತು.

ನಮ್ಮ ಬೆಂಗಳೂರಿನ ಎಚ್.ಎ.ಎಲ್.ನ ಕಥೆಯೂ ಇದರ ದಾಯಾದಿಯೇ. 2021ರ ಫೆಬ್ರವರಿಯಲ್ಲಿ 83 ತೇಜಸ್ ವಿಮಾನಗಳಿಗೆ ಆರ್ಡರು. 2024ರಲ್ಲಿ ಮೊದಲ ವಿಮಾನ ಬರಬೇಕಿತ್ತು. ಅಮೆರಿಕದ ಜಿ.ಇ. ಕಂಪೆನಿಯ ಮೊದಲ ಇಂಜಿನು ಬಂದದ್ದೇ 2025ರ ಮಾರ್ಚಿನಲ್ಲಿ. ಇಂಜಿನು ನಮ್ಮದಲ್ಲದ ಮೇಲೆ ವಿಮಾನದ ತಾರೀಕೂ ನಮ್ಮದಲ್ಲ. ಅತ್ತ 1963ರಲ್ಲಿ ಬಂದ ಮಿಗ್-21 ಜಾತಿಯ ವಿಮಾನಗಳನ್ನು 2025ರ ಸೆಪ್ಟೆಂಬರ್ 26ರಂದು ಮನೆಗೆ ಕಳಿಸಿದ್ದೂ ಆಯಿತು. ಹಳತು ಹೋಯಿತು, ಹೊಸತು ದಾರಿಯಲ್ಲಿ ಉಂಟು.

ಸರಕಾರಿಯೋ ಖಾಸಗಿಯೋ?

ಇದಕ್ಕೆಲ್ಲ ಖಾಸಗಿಯವರಿಗೆ ಕೊಟ್ಟುಬಿಡುವುದೇ ಮದ್ದು ಎನ್ನುವವರು ಪೇಟೆಯಲ್ಲಿ ಬಹಳ ಮಂದಿ. ಅವರ ಮಾತಿಗೆ ಆಧಾರ ಇಲ್ಲದಿಲ್ಲ. ತಟರಕ್ಷಣಾ ಪಡೆ, ಅಂದರೆ ಕೋಸ್ಟ್ ಗಾರ್ಡ್, 2015ರಲ್ಲಿ ಏಳು ಗಸ್ತು ಹಡಗುಗಳನ್ನು ಎಲ್ ಆಂಡ್ ಟಿ ಕಂಪೆನಿಗೆ 1,432 ಕೋಟಿಗೆ ವಹಿಸಿತು. ಚೆನ್ನೈ ಹತ್ತಿರದ ಕಾಟ್ಟುಪಳ್ಳಿಯಲ್ಲಿ ಕಟ್ಟಿದರು. ನಾಲ್ಕನೆಯದು 'ವರಾಹ', 2019ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿತು. ಆಗ ಅದಕ್ಕೆ ನಿಗದಿಯಾದ ನೆಲೆ ನಮ್ಮ ಪಣಂಬೂರು. ಏಳನೆಯದು 2021ರ ಆಗಸ್ಟಿನಲ್ಲಿ. ಆರೇ ವರ್ಷದಲ್ಲಿ ಏಳೂ ಮುಗಿಯಿತು. ಅದೇ ಕಂಪೆನಿ 54 ಇಂಟರ್‌ಸೆಪ್ಟರ್ ದೋಣಿಗಳನ್ನೂ 2021ರ ಕೊನೆಗೆ ಪೂರೈಸಿತು.

ಸೈ. ಆದರೆ ದೂರ ಯಾಕೆ, ತಣ್ಣೀರುಬಾವಿಗೆ ಹೋಗಿ ನೋಡಿ. ಅಲ್ಲಿ ಭಾರತಿ ಶಿಪ್‌ಯಾರ್ಡ್ ಇತ್ತು. ಅದೂ ಖಾಸಗಿಯೇ. ತಟರಕ್ಷಣಾ ಪಡೆಯ ಇಂಟರ್‌ಸೆಪ್ಟರ್ ದೋಣಿಗಳ ಆರ್ಡರು ಆ ಕಂಪೆನಿಗೂ ಸಿಕ್ಕಿತ್ತು. ಆಮೇಲೆ 'ಡಿಫೆನ್ಸ್' ಎಂಬ ಪದವನ್ನು ಹೆಸರಿಗೇ ಸೇರಿಸಿಕೊಂಡರು. ಸಾಲದ ಹೊರೆ ಏರಿತು. 2019ರ ಜನವರಿಯಲ್ಲಿ ಮುಂಬೈಯ ಕಂಪೆನಿ ನ್ಯಾಯಮಂಡಳಿ ಕಂಪೆನಿಯನ್ನೇ ಬರಖಾಸ್ತು ಮಾಡಿ ಮಾರಿಬಿಡಿ ಎಂದು ಆದೇಶ ಕೊಟ್ಟಿತು. ಹೆಸರಿಗೆ ಡಿಫೆನ್ಸ್ ಸೇರಿಸಿದ ಮಾತ್ರಕ್ಕೆ ಸಾಲಗಾರರಿಂದ ರಕ್ಷಣೆ ಸಿಗುವುದಿಲ್ಲ.

ಹಾಗಾದರೆ ಪಾಠ ಏನು? ಬೋರ್ಡಿನ ಮೇಲೆ ಸರಕಾರ ಎಂದು ಬರೆದಿದೆಯೋ, ಶೇಟ್ಟರ ಹೆಸರು ಬರೆದಿದೆಯೋ ಎಂಬುದು ಮುಖ್ಯ ಅಲ್ಲ. ಗಸ್ತು ಹಡಗು ಯುದ್ಧನೌಕೆಯಷ್ಟು ಜಟಿಲವಲ್ಲ ಎಂಬುದನ್ನೂ ನ್ಯಾಯಕ್ಕೆ ಹೇಳಬೇಕು. ಮುಖ್ಯವಾದ್ದು ಮೂರು: ನಕಾಶೆ ಮೊದಲೇ ಪಕ್ಕಾ ಆಗಬೇಕು. ಆರ್ಡರು ಕೊಡುವ ಮೊದಲು ಕಂಪೆನಿಯ ಸಾಲಸೋಲ ನೋಡಬೇಕು. ಕೆಲಸ ಆದ ಹಾಗೆ ಹಣ ತಡವಿಲ್ಲದೆ ಹೋಗಬೇಕು. ಹಳೆಯಂಗಡಿಯಲ್ಲಿ ಮದುವೆ ಛತ್ರ ಬುಕ್ ಮಾಡುವವನೂ ಇಷ್ಟು ಜಾಗ್ರತೆ ಮಾಡುತ್ತಾನೆ.

ಮಾರ್ಚ್ 31 ಎಂಬ ಭೂತ

ಇನ್ನೊಂದು ವಿಚಿತ್ರ ಉಂಟು. ಬಜೆಟಿನಲ್ಲಿ ಕೊಟ್ಟ ಹಣ ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವಾಪಸು ಖಜಾನೆಗೆ. ಹದಿನಾಲ್ಕು ವರ್ಷ ಹಿಡಿಯುವ ಖರೀದಿಗೆ ಹನ್ನೆರಡು ತಿಂಗಳ ಕೈಚೀಲ! 2024-25ರಲ್ಲಿ ಬಂಡವಾಳ ಖಾತೆಗೆ 1.72 ಲಕ್ಷ ಕೋಟಿ ಇಟ್ಟರು. ವರ್ಷದ ನಡುವೆ ಅದನ್ನು ತಿದ್ದಿ 1.59 ಲಕ್ಷ ಕೋಟಿಗೆ ಇಳಿಸಿದರು. ಹಣ ಇಲ್ಲದೆ ಅಲ್ಲ, ಕಾಗದಪತ್ರ ಮುಂದೆ ಹೋಗದೆ.

ಇದಕ್ಕೆ ಮದ್ದು ಹೇಳಿದವರಿಲ್ಲವೆಂದಲ್ಲ. 2004ರಲ್ಲಿ ಜಸ್ವಂತ್ ಸಿಂಗರು ಹಣಕಾಸು ಮಂತ್ರಿಯಾಗಿದ್ದಾಗ, ವರ್ಷ ಮುಗಿದರೂ ವಾಪಸು ಹೋಗದ 25 ಸಾವಿರ ಕೋಟಿಯ ನಿಧಿ ಮಾಡುವೆವು ಎಂದರು. ಚುನಾವಣೆಯಲ್ಲಿ ಸರಕಾರವೇ ಹೋಯಿತು. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಅಂಥದೇ ನಿಧಿ ಮಾಡಿ ಎಂದು ಶಿಫಾರಸು ಮಾಡಿತು. ಸರಕಾರ 'ತಾತ್ವಿಕ ಒಪ್ಪಿಗೆ' ಕೊಟ್ಟಿತು. ತಾತ್ವಿಕ ಒಪ್ಪಿಗೆಯಿಂದ ದೋಣಿ ತೇಲುವುದಿಲ್ಲ ಎಂಬುದು ಬೆಂಗ್ರೆಯ ಮೀನುಗಾರನಿಗೂ ಗೊತ್ತು.

ಹೀಗೆ ತಡವಾದದ್ದರ ಫಲ ಏನು? ಕಷ್ಟ ಬಂದಾಗ 'ತುರ್ತು ಖರೀದಿ'. 2025ರ ಮೇ ತಿಂಗಳ ಕಾರ್ಯಾಚರಣೆಯ ನಂತರ ಜೂನಿನಲ್ಲಿ ಸುಮಾರು 1,982 ಕೋಟಿಯ 13 ತುರ್ತು ಒಪ್ಪಂದ ಆಯಿತು. ಬೇಕಾದ ಹೊತ್ತಿಗೆ ಕೊಳ್ಳಲೇಬೇಕು, ತಪ್ಪಲ್ಲ. ಆದರೆ ಚೌತಿಯ ಹಿಂದಿನ ದಿನ ಸಂಜೆ ಹೂವು ಕೊಳ್ಳಲು ಹೋದವನ ಚೌಕಾಶಿ ಎಷ್ಟು ನಡೆಯುತ್ತದೆ ಎಂಬುದನ್ನು ಸುರತ್ಕಲ್ ಮಾರ್ಕೆಟಿನಲ್ಲಿ ಕೇಳಿ.

ನಮಗೆ ಇದರಲ್ಲಿ ಏನು?

"ಇದೆಲ್ಲ ದಿಲ್ಲಿಯ ವಿಷಯ, ನಮಗೆಂತ?" ಎಂದು ಕೇಳುವವರಿಗೆ ಎರಡು ಮಾತು.

ಒಂದು, ಕಡಲು. 2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿದವರು ಬಂದದ್ದು 'ಕುಬೇರ್' ಎಂಬ ಗುಜರಾತಿನ ಮೀನುಗಾರಿಕಾ ದೋಣಿಯನ್ನು ಅಪಹರಿಸಿಕೊಂಡು. ಆ ಮೇಲೆ ಕರಾವಳಿಯ ಪೊಲೀಸರಿಗೂ ತಟರಕ್ಷಣಾ ಪಡೆಗೂ ದೋಣಿ ಕೊಡುವ ಕೆಲಸ ಬಿರುಸಾಯಿತು. ಆದರೆ 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾದಾಗ ಅದರ ಅವಶೇಷ ಸಿಕ್ಕಲು ಬೇಸಿಗೆಯವರೆಗೆ ಕಾಯಬೇಕಾಯಿತು. ಮಹಾರಾಷ್ಟ್ರದ ಮಾಲ್ವಣದಾಚೆ ಹುಡುಕಿ ಕೊಟ್ಟದ್ದು ನೌಕಾಪಡೆಯ 'ನಿರೀಕ್ಷಕ್'. ಅದು 1985ರಲ್ಲಿ ಕಟ್ಟಿದ, ನೌಕಾಪಡೆ ತಾತ್ಕಾಲಿಕ ವ್ಯವಸ್ಥೆಯೆಂದು 1989ರಲ್ಲಿ ಪಡೆದುಕೊಂಡ ಹಡಗು. ತಾತ್ಕಾಲಿಕವೆಂದು ತಂದದ್ದು ಮೂವತ್ತು ವರ್ಷ ದುಡಿಯಿತು. ಏಳು ಮನೆಯವರು ಹೊಳೆಬದಿಯಲ್ಲಿ ಕೂತು ದಾರಿ ನೋಡುತ್ತಿದ್ದ ಆ ತಿಂಗಳುಗಳಲ್ಲಿ, ಹುಡುಕುವ ಹಡಗು ಎಷ್ಟಿದೆ, ಎಲ್ಲಿದೆ ಎಂಬುದು ದಿಲ್ಲಿಯ ವಿಷಯ ಆಗಿರಲಿಲ್ಲ.

ತಟರಕ್ಷಣಾ ಪಡೆ 1977ರಲ್ಲಿ ಶುರುವಾದಾಗ ಅದರ ಆಸ್ತಿ ನೌಕಾಪಡೆ ಕೊಟ್ಟ ಎರಡು ಹಳೆ ಫ್ರಿಗೇಟು ಮತ್ತು ಐದು ಗಸ್ತು ದೋಣಿ. 2025-26ರಲ್ಲಿ ಆ ಪಡೆಗೆ ಸಿಕ್ಕಿದ್ದು 9,676 ಕೋಟಿ. ಅದರಲ್ಲಿ ಹೊಸ ಸಾಮಾನಿನ ಬಂಡವಾಳ 3,500 ಕೋಟಿಯಿಂದ 5,000 ಕೋಟಿಗೆ ಏರಿತು. ಒಳ್ಳೆಯದು. ಆದರೆ ಏರಿದ ಹಣ ಎಷ್ಟು ದೋಣಿಯಾಗಿ, ಯಾವಾಗ ಪಣಂಬೂರಿಗೆ ಬಂತು ಎಂಬುದು ಮುಖ್ಯ. ಅಂಗಡಿಯಲ್ಲಿ ಇಂಡೆಂಟು ಬರೆದಿಟ್ಟರೆ ಗಿರಾಕಿಯ ಚೀಲ ತುಂಬುವುದಿಲ್ಲ.

ಎರಡು, ನೆಲ. ಕಾಟಿಪಳ್ಳದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಣಂಬೂರಿನ ಬಂದರಿಗೆಂದು ಗದ್ದೆ, ತೆಂಗು, ಮನೆ, ದೈವದ ಸ್ಥಾನ ಬಿಟ್ಟು ಬಂದವರಿಗಾಗಿ ಎದ್ದ ಊರು ಇದು. ಬ್ಲಾಕು ನಂಬರು ಹಿಡಿದು ವಿಳಾಸ ಹೇಳುವ ನಮ್ಮ ಅಭ್ಯಾಸವೇ ಅದರ ಸಾಕ್ಷಿ. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಬಂದರನ್ನು ಉದ್ಘಾಟಿಸಿದರು. ಇಂದು ಯುದ್ಧನೌಕೆ ಬಂದು ನಿಲ್ಲುವುದೂ, ತಟರಕ್ಷಣಾ ಪಡೆಯ ಹಡಗು ಕಟ್ಟುವುದೂ ಆ ನೆಲದಲ್ಲೇ. ಕಾರವಾರದಲ್ಲಿ 1986ರಲ್ಲಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ನೆಲೆ ಸೇವೆಗೆ ತೆರೆದದ್ದು 2005ರಲ್ಲಿ. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಒಕ್ಕಲೆದ್ದವು. ಕೊಟ್ಟ ಪರಿಹಾರ ಸಾಲದೆಂದು ಅವರು ಕೋರ್ಟಿನ ಮೆಟ್ಟಿಲು ಹತ್ತಿ ದಶಕಗಟ್ಟಲೆ ಅಲೆದರು. ಹಡಗು ಕಟ್ಟುವ ಕಂಪೆನಿಗೆ ಮುಂಗಡ ಸಿಗುತ್ತದೆ. ನೆಲ ಕೊಟ್ಟವನಿಗೆ ಮಾತ್ರ ಹಿಂಗಡ! ಯುದ್ಧ ಸಾಮಗ್ರಿಯ ಬೆಲೆಯಲ್ಲಿ ಈ ಬಾಕಿಯನ್ನೂ ಸೇರಿಸಿ ಬರೆಯಬೇಕು ಎಂಬುದು ನಮ್ಮ ಖಂಡಿತವಾದ ಅಭಿಪ್ರಾಯ.

ಗುಟ್ಟಿನ ನೆಪ ಬೇಡ

"ರಕ್ಷಣಾ ವಿಷಯ ಗುಟ್ಟು, ಕೇಳಬಾರದು" ಎಂಬ ಮಾತು ಉಂಟು. ಕ್ಷಿಪಣಿ ಎಲ್ಲಿಟ್ಟಿದ್ದಾರೆ, ಎಷ್ಟು ದೂರ ಹಾರುತ್ತದೆ ಎಂದು ನಾವು ಕೇಳುತ್ತಿಲ್ಲ. ಅದು ಗುಟ್ಟಾಗಿಯೇ ಇರಲಿ. ಆದರೆ ಕೊಡುತ್ತೇವೆ ಎಂದ ತಾರೀಕು ಮತ್ತು ಕೊಟ್ಟ ತಾರೀಕಿನ ನಡುವಿನ ಅಂತರ ಶತ್ರುವಿಗೆ ಗುಟ್ಟಲ್ಲ. ತೆರಿಗೆ ಕಟ್ಟುವವನಿಗೆ ಮಾತ್ರ ಯಾಕೆ ಗುಟ್ಟು? ಸಿ.ಎ.ಜಿ. ವರದಿ ಸಂಸತ್ತಿನಲ್ಲಿ ಮಂಡನೆಯಾಗುತ್ತದೆ. ಓದುವವರು ಬೇಕು. 2018ರಲ್ಲೂ 2023ರಲ್ಲೂ ಲೋಕಸಭೆಯಲ್ಲಿ ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನು ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸು ಮಾಡಿದರು. ರಕ್ಷಣೆಯದ್ದೂ ಅದರಲ್ಲೇ ಹೋಯಿತು. ಲಕ್ಷಾಂತರ ಕೋಟಿಯ ಬಿಲ್ಲನ್ನು ಕೂಡಿಸಿ ಕೂಡ ನೋಡದೆ ಪಾಸು ಮಾಡುವ ಗುಮಾಸ್ತನನ್ನು ಯಾವ ಸಾಹುಕಾರ ಇಟ್ಟುಕೊಳ್ಳುತ್ತಾನೆ?

ಬಂದೂಕು ಬೇಡ, ಆಸ್ಪತ್ರೆ ಬೇಕು ಎನ್ನುವವರ ಸಾಲಿಗೂ ನಾವು ಸೇರಿದವರಲ್ಲ. ಎರಡೂ ಬೇಕು. ಆದರೆ 3,580 ಕೋಟಿಯದ್ದು 11,662 ಕೋಟಿ ಆದಾಗ ನಡುವಿನ ಎಂಟು ಸಾವಿರ ಕೋಟಿ ಬಂದೂಕಿನ ಪಾಲಿಗೂ ಕಡಿಮೆಯಾಯಿತು, ಆಸ್ಪತ್ರೆಯ ಪಾಲಿಗೂ ಕಡಿಮೆಯಾಯಿತು.

2024ರಲ್ಲಿ ನಮ್ಮ ಜಿಲ್ಲೆಯಿಂದ ಗೆದ್ದ ಸಂಸದ ಕ್ಯಾಪ್ಟನ್ ಬ್ರಿಜೇಶ್ ಚೌಟರು ಸ್ವತಃ ಸೈನ್ಯದಲ್ಲಿ ಇದ್ದವರು. ಹಾಗಾಗಿ ಅವರಲ್ಲಿ ಕೇಳಲು ನಮಗೆ ಹಕ್ಕೂ ಉಂಟು, ಸಲಿಗೆಯೂ ಉಂಟು. ಸಂಸತ್ತಿನಲ್ಲಿ ಮೂರು ಪ್ರಶ್ನೆ ಕೇಳಲಿ. ಪಣಂಬೂರಿನ ತಟರಕ್ಷಣಾ ಪಡೆಗೆಂದು ಮಂಜೂರಾದ ಹಡಗು, ದೋಣಿಗಳು ಹೇಳಿದ ತಾರೀಕಿಗೆ ಬಂದವೇ? ಕರಾವಳಿ ಪೊಲೀಸರಿಗೆ ಕೊಟ್ಟ ದೋಣಿಗಳ ರಿಪೇರಿಯ ಹಣ ಕೇಂದ್ರ ಕೊಡುವುದೋ, ರಾಜ್ಯ ಕೊಡುವುದೋ? ಇನ್ನು ಮುಂದೆ ರಕ್ಷಣೆಯ ಹೆಸರಲ್ಲಿ ಕರಾವಳಿಯ ನೆಲ ಬೇಕಾದರೆ, ಹಡಗಿನ ಕಂಪೆನಿಗೆ ಮುಂಗಡ ಕೊಡುವ ದಿನವೇ ನೆಲದವನಿಗೂ ಪೂರ್ತಿ ಹಣ ಕೊಡುವ ನಿಯಮ ಮಾಡುತ್ತಾರೋ?

ಸುರತ್ಕಲ್ ಟೋಲ್‌ಗೇಟಿನಲ್ಲಿ ಕೆಲವು ಹತ್ತು ರೂಪಾಯಿಗಳ ಅನ್ಯಾಯಕ್ಕೆ ವರ್ಷಗಟ್ಟಲೆ ಹೋರಾಡಿ 2022ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿಸಿದ ಊರು ನಮ್ಮದು. ನೂರರಲ್ಲಿ ಹದಿಮೂರೂವರೆ ರೂಪಾಯಿಯ ರಶೀದಿ ಕೇಳಲು ನಮಗೆ ನಾಚಿಕೆ ಯಾಕೆ? ಉತ್ತರ ಬಂದರೆ ಈ ಅಂಕಣದಲ್ಲೇ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಬರಲಿಲ್ಲ ಎಂದೂ ಅಚ್ಚು ಹಾಕುತ್ತೇವೆ.